ನಿಂತ ಟ್ರೇಲರನ್ನು ರಸ್ತೆಗೆ ಇಳಿಸುವ ಮೊದಲು

ಖಂಡೆ ಪೂಜೆಯ ದಿನ ನಮ್ಮ ಊರುಗಳಲ್ಲಿ ಟ್ರ್ಯಾಕ್ಟರಿನ ಮೈತೊಳೆದು, ವಿಭೂತಿ ಕುಂಕುಮ ಹಚ್ಚಿ, ಕಬ್ಬು ಕಟ್ಟಿ, ಕಾಯಿ ಒಡೆಯುತ್ತೇವೆ. ಅದರ ಹಿಂದೆ ನಿಂತ ಟ್ರೇಲರಿಗೂ ಒಂದು ಹೂವಿನ ಸರ ಬೀಳುತ್ತದೆ. ಅಲ್ಲಿಗೆ ಅದರ ಸಿದ್ಧತೆ ಮುಗಿಯಿತೆಂದು ತಿಳಿಯುವವರೇ ಬಹಳ. ಮುಂದೆ ದೀಪಾವಳಿಯ ಹಿಂದುಮುಂದು ಕಾರ್ಖಾನೆ ಶುರುವಾಗಿ ಕಬ್ಬು ಕಡಿಯುವ ಟೋಳಿ ಹೊಲಕ್ಕೆ ಬಂತೆಂದರೆ, ನಾಲ್ಕು ತಿಂಗಳು ಮಳೆಯಲ್ಲಿ ನಿಂತ ಆ ಟ್ರೇಲರಿಗೆ ಕೊಂಡಿ ಸಿಕ್ಕಿಸಿ, ಗಾಳಿ ಹೊಡೆಸಿ, ಕಬ್ಬು ಹೇರಿ, ನೇರವಾಗಿ ಹೆದ್ದಾರಿಗೆ ಇಳಿಸಿಬಿಡುತ್ತೇವೆ.

ನಮ್ಮ ಹಿರಿಯರು ಚಕ್ಕಡಿಯ ವಿಷಯದಲ್ಲಿ ಹೀಗೆ ಮಾಡುತ್ತಿರಲಿಲ್ಲ. ಜಾತ್ರೆಗಾಗಲಿ ಸಂತೆಗಾಗಲಿ ದೂರ ಹೊರಡುವುದಿದ್ದರೆ ಹಿಂದಿನ ದಿನವೇ ಗಾಲಿ ಕಳಚಿ, ಅಚ್ಚಿಗೆ ಕೀಲೆಣ್ಣೆ ಹಚ್ಚಿ, ಕಡೆಗೀಲು ಭದ್ರವಾಗಿದೆಯೇ ಎಂದು ನೋಡಿ, ಬಳಿಕ ಎತ್ತು ಹೂಡುತ್ತಿದ್ದರು. ಎತ್ತಿನ ನಡಿಗೆಯಲ್ಲಿ ಹೋಗುವ ಬಂಡಿಗೆ ಅಷ್ಟು ಎಚ್ಚರ ಬೇಕಾಗಿತ್ತು. ಇಂದು ಹಲವು ಟನ್ನು ಭಾರ ಹೊತ್ತು, ಲಾರಿ ಬಸ್ಸುಗಳ ನಡುವೆ, ಅದೂ ಕತ್ತಲೆಯಲ್ಲಿ ಓಡುವ ಟ್ರೇಲರಿಗೆ ಎಷ್ಟು ಎಚ್ಚರ ಬೇಕೆಂಬುದನ್ನು ಒಕ್ಕಲಿಗ ಬಾಂಧವರೇ ಲೆಕ್ಕ ಹಾಕಬಹುದು.

ಸೋಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಕನ್ನಡ ಹಳ್ಳಿಗಳಲ್ಲಿ ಕಬ್ಬಿನ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ ಕೊನೆ ಇಲ್ಲವೆ ನವೆಂಬರದಲ್ಲಿ ಆರಂಭವಾಗುತ್ತದೆ. ಸರಕಾರಿ ಕಾಗದಗಳಲ್ಲಿ ‘ಗಾಳಪ ಹಂಗಾಮ’ ಎಂದು ಬರುವುದು ಇದೇ. ಇದಕ್ಕೆ ಮೊದಲು ಒಂದು ಪೂರ್ತಿ ದಿನವನ್ನು ಟ್ರೇಲರಿಗೆಂದೇ ಮೀಸಲಿಟ್ಟು, ಅದನ್ನು ಹೇಗೆ ಸಿದ್ಧಗೊಳಿಸಬೇಕೆಂಬುದನ್ನು ಇಲ್ಲಿ ಕ್ರಮವಾಗಿ ಹೇಳಿದೆ. ತಾಳವಾಡಿ, ಹೊಸೂರು ಕಡೆಯ ಓದುಗರಿಗೆ ಹಿಂಗಾರು ಮಳೆ ಅಕ್ಟೋಬರದಿಂದ ಡಿಸೆಂಬರದವರೆಗೆ ಬರುವುದರಿಂದ ಅವರ ತಿಂಗಳುಗಳು ಬೇರೆಯಾಗಬಹುದು. ಮಡಕಶಿರಾ, ರಾಯದುರ್ಗದವರ ಟ್ರೇಲರಿನಲ್ಲಿ ಕಬ್ಬಿನ ಬದಲು ಶೇಂಗಾ ಇರಬಹುದು. ಆದರೆ ಮಾಡತಕ್ಕ ಕೆಲಸ ಎಲ್ಲರಿಗೂ ಒಂದೇ.

ನಿಂತ ಗಾಡಿ ಏಕೆ ಕೆಡುತ್ತದೆ?

“ಓಡಿದರೆ ಸವೆಯುತ್ತದೆ, ನಿಂತರೆ ಏನಾಗುತ್ತದೆ?” ಎಂದು ಕೆಲವರು ಕೇಳುವುದುಂಟು. ಟ್ರೇಲರಿಗೆ ಎಂಜಿನ್ನು ಇಲ್ಲ, ಆದ್ದರಿಂದ ಕೆಡುವಂಥದು ಏನೂ ಇಲ್ಲವೆಂಬುದು ಅವರ ಎಣಿಕೆ. ಈ ಎಣಿಕೆ ತಪ್ಪು. ನಿಂತಾಗ ನಾಲ್ಕು ಬಗೆಯ ಹಾನಿಗಳು ಒಟ್ಟಿಗೆ ನಡೆಯುತ್ತವೆ.

ಮೊದಲನೆಯದು, ನೀರು. ಗಾಲಿಯ ಗುಂಭದಲ್ಲಿ, ಎಂದರೆ ಹಬ್ಬಿನಲ್ಲಿ, ಗ್ರೀಸು ತುಂಬಿರುತ್ತದೆ. ಹಳೆಯ ಆಯಿಲ್ ಸೀಲಿನ ಸಂದಿನಿಂದ ಮಳೆಯ ನೀರು ಒಳಸೇರಿತೆಂದರೆ ಗ್ರೀಸು ಮಜ್ಜಿಗೆಯಂತೆ ಬೆಳ್ಳಗಾಗಿ ತನ್ನ ಗುಣ ಕಳೆದುಕೊಳ್ಳುತ್ತದೆ. ಗಾಲಿ ತಿರುಗದೆ ನಿಂತಿರುವುದರಿಂದ ಬೇರಿಂಗಿನ ಒಂದೇ ಭಾಗದ ಮೇಲೆ ತುಕ್ಕು ಕುಳಿತು, ಅಲ್ಲಿ ಸಣ್ಣ ಗುಳಿಗಳು ಬೀಳುತ್ತವೆ. ಎರಡನೆಯದು, ಬಿಸಿಲು. ಟೈರಿನ ರಬ್ಬರು ಬಿಸಿಲಿಗೂ ಗಾಳಿಗೂ ಒಣಗಿ, ಬದಿಯಲ್ಲಿ ಕೂದಲೆಳೆಯಂಥ ಸೀಳುಗಳು ಮೂಡುತ್ತವೆ. ಮೂರನೆಯದು, ಭಾರ. ಗಾಳಿ ಇಳಿದ ಟೈರಿನ ಮೇಲೆ ಟ್ರೇಲರು ತಿಂಗಳುಗಟ್ಟಲೆ ಕುಳಿತರೆ, ಅದೇ ಒಂದು ಮಗ್ಗುಲು ಮಡಚಿ ಒಳಗಿನ ನೂಲಿನ ಪದರು ದುರ್ಬಲವಾಗುತ್ತದೆ. ನಾಲ್ಕನೆಯದು, ಇಲಿ ಹೆಗ್ಗಣ. ದೀಪದ ತಂತಿಗಳನ್ನು ಅವು ಕಡಿದಿಡುತ್ತವೆ.

ಇವುಗಳಲ್ಲಿ ಯಾವುದೂ ದೂರದಿಂದ ಕಣ್ಣಿಗೆ ಬೀಳುವುದಿಲ್ಲ. ಟ್ರೇಲರು ಕಳೆದ ವರ್ಷ ಹೇಗಿತ್ತೋ ಹಾಗೆಯೇ ಕಾಣುತ್ತದೆ. ಅದಕ್ಕಾಗಿಯೇ ಬಿಚ್ಚಿ ನೋಡಬೇಕು.

ಕೆಲಸಕ್ಕೆ ಕೈ ಹಚ್ಚುವ ಮುನ್ನ

ಬೇಕಾದ ಸಾಮಾನುಗಳು ಹೆಚ್ಚೇನಿಲ್ಲ: ಭಾರ ತಡೆಯುವ ಜಾಕು, ಎರಡು ಗಟ್ಟಿ ಕಟ್ಟಿಗೆಯ ದಿಮ್ಮಿಗಳು, ಗಾಲಿಯ ಪಾನಾ, ಇಕ್ಕಳ, ಸುತ್ತಿಗೆ, ಒಂದು ಬೋಗುಣಿಯಲ್ಲಿ ಡೀಸೆಲ್ಲು, ಒಣಬಟ್ಟೆ, ಬೇರಿಂಗಿಗೆ ಹಾಕುವ ಒಳ್ಳೆಯ ಗ್ರೀಸು, ಹೊಸ ಸ್ಪ್ಲಿಟ್ ಪಿನ್ನುಗಳು, ತಂತಿಯ ಬ್ರಶ್ಶು.

ಟ್ರೇಲರನ್ನು ಸಮನೆಲದ ಮೇಲೆ, ಗಟ್ಟಿ ಜಾಗದಲ್ಲಿ ನಿಲ್ಲಿಸಿರಿ. ಟ್ರ್ಯಾಕ್ಟರಿಗೆ ಜೋಡಿಸಿಯೇ ಇಟ್ಟು, ಟ್ರ್ಯಾಕ್ಟರನ್ನು ಗೇರಿನಲ್ಲಿ ನಿಲ್ಲಿಸಿ, ಕೈಬ್ರೇಕು ಹಾಕಿರಿ. ಎತ್ತದಿರುವ ಗಾಲಿಗಳ ಹಿಂದೆ ಮುಂದೆ ಅಡೆ ಕೊಡಿರಿ. ಗಾಲಿಯ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಬಳಿಕ ಅಚ್ಚಿನ ಕೆಳಗೆ ಜಾಕು ಕೊಟ್ಟು ಎತ್ತಿರಿ. ಎತ್ತಿದ ಕೂಡಲೆ ಅಚ್ಚಿನ ಕೆಳಗೆ ದಿಮ್ಮಿ ಕೊಡತಕ್ಕದ್ದು. ಜಾಕು ಎತ್ತುವುದಕ್ಕೆ ಇರುವ ಸಾಧನ, ಹೊತ್ತು ನಿಲ್ಲುವುದಕ್ಕಲ್ಲ. ಜಾಕಿನ ಮೇಲಷ್ಟೇ ನಿಂತ ಟ್ರೇಲರಿನ ಅಡಿಗೆ ಯಾರೂ ತಲೆ ಹಾಕಬಾರದು. ಮಕ್ಕಳನ್ನು ಹತ್ತಿರ ಬಿಡಬಾರದು.

ಇನ್ನು ಹೈಡ್ರಾಲಿಕ್ಕಿನಿಂದ ಮೇಲೇಳುವ ಟ್ರೇಲರು ಇದ್ದವರಿಗೆ ಒಂದು ಮಾತು. ತೊಟ್ಟಿಯನ್ನು ಎತ್ತಿ ಅದರ ಕೆಳಗೆ ಗ್ರೀಸು ಹಚ್ಚಲು ಹೋಗುವ ಮೊದಲು, ತೊಟ್ಟಿಗೂ ಚಾಸಿಗೂ ನಡುವೆ ಕಬ್ಬಿಣದ ಆಧಾರವನ್ನು ಕೊಡಲೇಬೇಕು. ರಬ್ಬರಿನ ಕೊಳವೆ ಹಳೆಯದಾಗಿ ಒಡೆದರೆ, ಅಥವಾ ಯಾರಾದರೂ ಅರಿಯದೆ ಹಿಡಿಕೆ ಮುಟ್ಟಿದರೆ, ತೊಟ್ಟಿ ಕೂಗಿ ಹೇಳಿ ಕೆಳಗಿಳಿಯುವುದಿಲ್ಲ.

ಗಾಲಿ ಮತ್ತು ಬೇರಿಂಗು

ಎತ್ತಿದ ಗಾಲಿಯನ್ನು ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲುಗಾಡಿಸಿ ನೋಡಿರಿ. ಟಕಟಕ ಆಡಿದರೆ ಬೇರಿಂಗು ಸಡಿಲಾಗಿದೆ ಇಲ್ಲವೆ ಸವೆದಿದೆ. ಬಳಿಕ ಗಾಲಿಯನ್ನು ಜೋರಾಗಿ ತಿರುಗಿಸಿ ಕಿವಿಗೊಡಿರಿ. ಬೀಸುಕಲ್ಲಿನಂತೆ ಸದ್ದು ಬಂದರೆ ಒಳಗೆ ತುಕ್ಕು ಹಿಡಿದಿದೆ. ಆಡಲಿ ಆಡದಿರಲಿ, ಸದ್ದು ಬರಲಿ ಬಾರದಿರಲಿ, ಮಳೆಗಾಲ ಕಳೆದ ಟ್ರೇಲರಿನ ಎಲ್ಲ ಹಬ್ಬುಗಳನ್ನೂ ಒಮ್ಮೆ ಬಿಚ್ಚುವುದು ಒಳ್ಳೆಯದು.

ಹಬ್ಬಿನ ಟೋಪಿ ತೆಗೆದರೆ ಒಳಗೆ ದೊಡ್ಡದೊಂದು ನಟ್ಟು, ಅದಕ್ಕೆ ಅಡ್ಡಲಾಗಿ ಸ್ಪ್ಲಿಟ್ ಪಿನ್ನು ಕಾಣುತ್ತದೆ. ಚಕ್ಕಡಿಗೆ ಕಡೆಗೀಲು ಹೇಗೋ ಟ್ರೇಲರಿಗೆ ಈ ಪಿನ್ನು ಹಾಗೆ. ನಟ್ಟು ತಾನಾಗಿ ತಿರುಗಿ ಬಿಚ್ಚಿಕೊಳ್ಳದಂತೆ ಹಿಡಿದಿರುವುದು ಇದೊಂದೇ. ಪಿನ್ನು, ನಟ್ಟು, ವಾಶರು, ಹೊರಗಿನ ಬೇರಿಂಗು ಇವನ್ನು ಕ್ರಮವಾಗಿ ತೆಗೆದು, ಒಂದು ಗೋಣಿಯ ಮೇಲೆ ಅದೇ ಸಾಲಿನಲ್ಲಿ ಇಡುತ್ತ ಹೋಗಿರಿ. ಆಗ ಮರಳಿ ಜೋಡಿಸುವಾಗ ತಪ್ಪುವುದಿಲ್ಲ. ಎಡಗಾಲಿಯದು ಬಲಗಾಲಿಗೆ ಬೆರೆಯದಂತೆ ನೋಡಿಕೊಳ್ಳಿರಿ.

ಬೇರಿಂಗುಗಳನ್ನು ಡೀಸೆಲ್ಲಿನಲ್ಲಿ ತೊಳೆದು, ಹಳೆಯ ಗ್ರೀಸೆಲ್ಲ ಹೋದ ಮೇಲೆ ಒಣಬಟ್ಟೆಯಿಂದ ಒರೆಸಿ, ಬಿಸಿಲಿಗೆ ಹಿಡಿದು ನೋಡಿರಿ. ರೋಲರುಗಳು ಕನ್ನಡಿಯಂತೆ ಹೊಳೆಯುತ್ತಿದ್ದರೆ ಸರಿ. ಗುಳಿ ಬಿದ್ದಿದ್ದರೆ, ಕಾದು ನೀಲಿ ಬಣ್ಣಕ್ಕೆ ತಿರುಗಿದ್ದರೆ, ರೋಲರನ್ನು ಹಿಡಿದ ತಗಡು ಸೀಳಿದ್ದರೆ, ಅದನ್ನು ಮರಳಿ ಹಾಕಬಾರದು. ಹೊಸದು ಹಾಕುವಾಗ ಒಳಗಿನ ರೋಲರನ್ನಷ್ಟೇ ಬದಲಿಸದೆ, ಹಬ್ಬಿನೊಳಗೆ ಕುಳಿತ ಬಟ್ಟಲನ್ನೂ ಜೊತೆಯಲ್ಲಿಯೇ ಬದಲಿಸಬೇಕು. ಹಳೆಯ ಬಟ್ಟಲಿನ ಗುಳಿಗಳು ಹೊಸ ರೋಲರನ್ನು ಬೇಗ ತಿಂದುಹಾಕುತ್ತವೆ. ಆಯಿಲ್ ಸೀಲಿನ ತುಟಿ ಗಟ್ಟಿಯಾಗಿ ಸೀಳಿದ್ದರೆ ಅದನ್ನೂ ಹೊಸದು ಮಾಡಿರಿ. ನೀರು ಒಳಹೋದದ್ದು ಆ ದಾರಿಯಿಂದಲೇ.

ಗ್ರೀಸು ತುಂಬುವುದಕ್ಕೂ ಒಂದು ರೀತಿಯುಂಟು. ಅಂಗೈಯಲ್ಲಿ ಗ್ರೀಸು ಇಟ್ಟುಕೊಂಡು, ಬೇರಿಂಗಿನ ಅಗಲವಾದ ಕಡೆಯನ್ನು ಅದರ ಮೇಲೆ ಒತ್ತುತ್ತ, ರೋಲರುಗಳ ಸಂದಿಯಿಂದ ಆಚೆಬದಿಗೆ ಗ್ರೀಸು ಹೊರಬರುವ ತನಕ ತುಂಬಬೇಕು. ಮೇಲೆ ಬಳಿದರೆ ಸಾಲದು. ಹಳೆಯ ಗ್ರೀಸಿನ ಮೇಲೆ ಹೊಸದನ್ನು ಹಾಕಬಾರದು. ಹಬ್ಬಿನ ಹೊಟ್ಟೆಯನ್ನು ಗಿಡಿದು ತುಂಬುವುದೂ ಬೇಡ. ಗ್ರೀಸು ಕಾದಾಗ ಹಿಗ್ಗಲು ಸ್ವಲ್ಪ ಸ್ಥಳ ಬೇಕು.

ಮರಳಿ ಜೋಡಿಸುವಾಗ, ಒಂದು ಕೈಯಿಂದ ಗಾಲಿ ತಿರುಗಿಸುತ್ತ ಇನ್ನೊಂದು ಕೈಯಿಂದ ನಟ್ಟು ಬಿಗಿಯುತ್ತ ಹೋಗಿರಿ. ಗಾಲಿ ಬಿಗಿಯಾಗಿ ತಿರುಗತೊಡಗಿದಾಗ ನಿಲ್ಲಿಸಿ, ಪಿನ್ನಿನ ರಂಧ್ರ ಸರಿಹೊಂದುವಂತೆ ನಟ್ಟನ್ನು ಸ್ವಲ್ಪ, ಎಂದರೆ ಸುಮಾರು ಕಾಲು ಸುತ್ತಿನೊಳಗೆ, ಹಿಂದಕ್ಕೆ ಬಿಡಿರಿ. ಗಾಲಿ ಹಗುರವಾಗಿ ತಿರುಗಬೇಕು, ಆದರೆ ಅಲುಗಬಾರದು. ಬಹಳ ಬಿಗಿದರೆ ಬೇರಿಂಗು ಕಾದು ಸುಡುತ್ತದೆ, ಬಹಳ ಸಡಿಲ ಬಿಟ್ಟರೆ ಕುಟ್ಟಿ ಒಡೆಯುತ್ತದೆ. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವುದು, ಅದರ ಬದಲು ಬೇಲಿಯ ತಂತಿ ಇಲ್ಲವೆ ಮೊಳೆ ಸಿಕ್ಕಿಸುವುದು ಬಹಳ ಕಡೆ ಕಂಡುಬರುವ ಕೆಟ್ಟ ರೂಢಿ. ಒಮ್ಮೆ ಬಾಗಿದ ಪಿನ್ನು ಎರಡನೆಯ ಸಲ ಮುರಿಯುತ್ತದೆ. ಒಂದು ಕಪ್ಪು ಚಹಾದಷ್ಟೂ ಬೆಲೆಯಿಲ್ಲದ ಸಾಮಾನಿಗಾಗಿ ಗಾಲಿಯನ್ನು ಪಣಕ್ಕೆ ಇಡಬಾರದು.

ಇಷ್ಟೆಲ್ಲ ಏಕೆಂದು ಕೇಳಬಹುದು. ಗಾಲಿ ಒಂದು ಸುತ್ತಿಗೆ ಸುಮಾರು ಎರಡೂವರೆ ಮೀಟರು ಸಾಗುತ್ತದೆಂದು ಹಿಡಿಯೋಣ. ಕಾರ್ಖಾನೆ 20 ಕಿಲೋಮೀಟರು ದೂರವಿದ್ದರೆ, ಹೋಗುವಾಗಲೇ ಗಾಲಿ 8,000 ಸಲ ತಿರುಗಬೇಕು. ಗುಳಿ ಬಿದ್ದ ಬೇರಿಂಗು ಅಷ್ಟೂ ಸಲ ತುಂಬಿದ ಭಾರದ ಅಡಿಯಲ್ಲಿ ಪೆಟ್ಟು ತಿನ್ನುತ್ತದೆ. ದಾರಿಯಲ್ಲಿ ಅದು ಹಿಡಿದು ನಿಂತರೆ ಕಡಿದ ಕಬ್ಬು ಬಿಸಿಲಿಗೆ ಒಣಗುತ್ತದೆ. ದಿನ ಕಳೆದಂತೆ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಗಾಲಿಯೇ ಕಳಚಿಹೋದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ.

ಟೈರು

ಟೈರಿನ ಬದಿಯಲ್ಲಿ, ಹೊರಗೂ ಒಳಗೂ, ಬೆರಳಾಡಿಸಿ ನೋಡಿರಿ. ಕೂದಲೆಳೆಯ ಸೀಳು ಮೇಲ್ಮೈಯಲ್ಲಷ್ಟೇ ಇದ್ದರೆ ಕಣ್ಣಿಟ್ಟಿರಬೇಕು. ಉಗುರು ಹೋಗುವಷ್ಟು ಆಳವಾಗಿದ್ದರೆ, ನೂಲು ಕಾಣುತ್ತಿದ್ದರೆ, ಎಲ್ಲಿಯಾದರೂ ಗುಳ್ಳೆಯಂತೆ ಉಬ್ಬಿದ್ದರೆ, ಆ ಟೈರು ಭಾರಕ್ಕೆ ಯೋಗ್ಯವಲ್ಲ. ಮೇಲಿನ ಹಲ್ಲು ಚೆನ್ನಾಗಿದೆಯೆಂಬ ಒಂದೇ ಕಾರಣಕ್ಕೆ ಟೈರನ್ನು ನಂಬಬಾರದು. ಟ್ರೇಲರು ವರ್ಷದಲ್ಲಿ ಕೆಲವೇ ತಿಂಗಳು ಓಡುವುದರಿಂದ, ಹಲ್ಲು ಸವೆಯುವ ಮೊದಲೇ ರಬ್ಬರು ಮುದಿಯಾಗುತ್ತದೆ.

ಟೈರಿನ ವಯಸ್ಸನ್ನು ತಿಳಿಯುವುದು ಕಷ್ಟವಲ್ಲ. ಬದಿಯ ಮೇಲೆ ಅಚ್ಚೊತ್ತಿದ ಗುರುತುಗಳ ಕೊನೆಯಲ್ಲಿ ನಾಲ್ಕು ಅಂಕೆಗಳಿರುತ್ತವೆ. ಮೊದಲಿನ ಎರಡು ವಾರವನ್ನೂ ಕೊನೆಯ ಎರಡು ಇಸವಿಯನ್ನೂ ಹೇಳುತ್ತವೆ. 3121 ಎಂದಿದ್ದರೆ, 2021ನೆಯ ಇಸವಿಯ 31ನೆಯ ವಾರದಲ್ಲಿ ತಯಾರಾದ ಟೈರು ಎಂದರ್ಥ. ಲಾರಿಯಿಂದ ಇಳಿಸಿದ ಹಳೆಯ ಟೈರನ್ನು ಟ್ರೇಲರಿಗೆಂದು ಕೊಳ್ಳುವವರು ಈ ಅಂಕೆಗಳನ್ನು ಓದದೆ ಹಣ ಕೊಡಬಾರದು.

ಗಾಳಿಯ ಪ್ರಮಾಣವೂ ಟೈರಿನ ಮೇಲೆಯೇ ಬರೆದಿರುತ್ತದೆ. ಟೈರು ತಣ್ಣಗಿರುವಾಗ ಅಳತೆ ನೋಡಿಸಿ, ಎಡಬಲ ಎರಡೂ ಗಾಲಿಗಳಿಗೆ ಒಂದೇ ಸಮನಾಗಿ ಹಾಕಿಸಿರಿ. ಕಾಲಿನಿಂದ ಒದ್ದು ನೋಡುವುದು ಅಳತೆಯಲ್ಲ. ಗಾಳಿ ಕಡಿಮೆಯಾದ ಟೈರಿನ ಬದಿ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ತಂತಿಯನ್ನು ಹಿಂದೆಮುಂದೆ ಬಾಗಿಸಿದರೆ ಹೇಗೆ ಕಾಯುತ್ತದೋ ಹಾಗೆಯೇ ಅದೂ ಕಾದು, ಕೊನೆಗೆ ಸಿಡಿಯುತ್ತದೆ. ಹೆಚ್ಚಿನ ಟೈರುಗಳು ಸಿಡಿಯುವುದು ಹೆಚ್ಚು ಗಾಳಿಯಿಂದ ಎಂದು ಜನ ತಿಳಿಯುತ್ತಾರೆ. ಭಾರ ಹೆಚ್ಚಾಗಿ ಗಾಳಿ ಕಡಿಮೆಯಾದಾಗಲೂ ಅವು ಸಿಡಿಯುತ್ತವೆಂಬುದನ್ನು ಮರೆಯಬಾರದು.

ಲಾಕ್ ರಿಂಗು ಇರುವ ರಿಮ್ಮಾದರೆ ಗಾಳಿ ತುಂಬುವಾಗ ಅದರ ಎದುರಿಗೆ ಯಾರೂ ನಿಲ್ಲಬಾರದು. ತುಕ್ಕು ಹಿಡಿದ ರಿಂಗು ಹಾರಿ ಬಂದರೆ ಜೀವಕ್ಕೇ ಅಪಾಯ. ಪೂರ್ತಿ ಇಳಿದು ಕುಳಿತ ಟೈರಾದರೆ, ಗಾಳಿ ಹೊಡೆಯದೆ ಮೊದಲು ಬಿಚ್ಚಿಸಿ ಒಳಗೆ ನೋಡಿಸುವುದೇ ಸುರಕ್ಷಿತ.

ಗಾಲಿಯ ನಟ್ಟುಗಳನ್ನು ಒಂದರ ಪಕ್ಕ ಒಂದರಂತೆ ಬಿಗಿಯದೆ, ಎದುರುಬದುರಾಗಿ ಬಿಗಿಯುತ್ತ ಹೋಗಿರಿ. ಮೊದಲ ಭಾರದ ಸುತ್ತು ಮುಗಿಸಿ ಬಂದ ಮೇಲೆ ಮತ್ತೊಮ್ಮೆ ಬಿಗಿಯತಕ್ಕದ್ದು. ಹೊಸದಾಗಿ ಹಾಕಿದ ಗಾಲಿ ಭಾರಕ್ಕೆ ಕುಳಿತ ಬಳಿಕ ನಟ್ಟುಗಳು ಸಡಿಲಾಗುವುದು ಸಹಜ.

ಕೊಂಡಿ, ಪಾಟಾ, ತಳ

ಟ್ರ್ಯಾಕ್ಟರಿಗೂ ಟ್ರೇಲರಿಗೂ ಇರುವ ಸಂಬಂಧ ಒಂದು ಪಿನ್ನಿನ ಮೇಲೆ ನಿಂತಿದೆ. ಆ ಪಿನ್ನನ್ನು ಕೈಯಲ್ಲಿ ಹಿಡಿದು ನೋಡಿರಿ. ಮಧ್ಯದಲ್ಲಿ ಸವೆದು ಸೊಂಟ ಬಿದ್ದಿದ್ದರೆ ಅದನ್ನು ಎಸೆದು ಹೊಸದು ತನ್ನಿರಿ. ಟ್ರೇಲರಿನ ಮೂತಿಯ ಬಳೆಯೂ ಒಂದು ಕಡೆ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿರಬಹುದು. ಬೆಸುಗೆಯ ಜಾಗದಲ್ಲಿ ಬಿರುಕು ಬಿಟ್ಟಿರಬಹುದು. ಮಣ್ಣು ಮತ್ತು ಬಣ್ಣದ ಅಡಿಯಲ್ಲಿ ಬಿರುಕು ಕಾಣುವುದಿಲ್ಲ. ತಂತಿಯ ಬ್ರಶ್ಶಿನಿಂದ ತಿಕ್ಕಿ ನೋಡಿರಿ. ಪಿನ್ನಿನ ತುದಿಗೆ ಸ್ಪ್ರಿಂಗ್ ಕ್ಲಿಪ್ಪು ಇರಬೇಕು. ಇದರ ಮೇಲೆ, ಟ್ರೇಲರನ್ನೂ ಟ್ರ್ಯಾಕ್ಟರನ್ನೂ ಜೋಡಿಸುವ ಗಟ್ಟಿ ಸರಪಳಿಯೊಂದನ್ನು ಕಟ್ಟಿದರೆ, ಪಿನ್ನು ಮುರಿದರೂ ಟ್ರೇಲರು ತನ್ನಷ್ಟಕ್ಕೆ ಓಡಿಹೋಗುವುದಿಲ್ಲ.

ಪಾಟಾದ ಎಲೆಗಳಲ್ಲಿ ಒಂದಾದರೂ ಮುರಿದಿದೆಯೇ, ಅವನ್ನು ಅಚ್ಚಿಗೆ ಬಿಗಿದ ಯು-ಬೋಲ್ಟುಗಳು ಸಡಿಲವೇ ಎಂದು ಪರೀಕ್ಷಿಸಿರಿ. ಒಂದು ಬದಿಯ ಬೋಲ್ಟು ಸಡಿಲಾದರೆ ಅಚ್ಚು ಓರೆಯಾಗಿ, ಟ್ರೇಲರು ಏಡಿಯಂತೆ ಅಡ್ಡಡ್ಡ ನಡೆಯುತ್ತದೆ. ಟೈರು ಒಂದೇ ಕಡೆ ತಿಂದುಹೋಗುತ್ತದೆ. ನಾಲ್ಕು ಗಾಲಿಯ ಟ್ರೇಲರಾದರೆ ಮುಂದಿನ ತಿರುಗುವ ಬಳೆಗೆ ಗ್ರೀಸು ಕೊಡುವುದನ್ನು ಮರೆಯಬೇಡಿರಿ. ತಳದ ತಗಡಿನಲ್ಲಿ ನೀರು ನಿಂತು ತೂತು ಬಿದ್ದಿದ್ದರೆ ಬೆಸುಗೆ ಹಾಕಿಸಿರಿ. ಬದಿಯ ಬಾಗಿಲುಗಳ ಕೊಕ್ಕೆ ಮತ್ತು ಕಬ್ಬಿಗೆ ಆನಿಸುವ ಕಂಬಗಳು ಗಟ್ಟಿಯಾಗಿರಬೇಕು.

ಬ್ರೇಕಿನ ಮಾತು

ನಮ್ಮಲ್ಲಿಯ ಬಹಳಷ್ಟು ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. ಇದ್ದರೆ, ಅದರ ಸಲಾಕೆ, ತಂತಿ, ಒಳಗಿನ ಶೂ ಇವನ್ನು ಹಬ್ಬು ಬಿಚ್ಚಿದಾಗಲೇ ನೋಡಿಸಿರಿ. ಇಲ್ಲದಿದ್ದರೆ, ಹಿಂದಿನ ಭಾರವನ್ನೆಲ್ಲ ಟ್ರ್ಯಾಕ್ಟರಿನ ಬ್ರೇಕೊಂದೇ ತಡೆಯಬೇಕಾಗುತ್ತದೆ. ಆದುದರಿಂದ ಟ್ರ್ಯಾಕ್ಟರಿನ ಎಡಬಲದ ಎರಡು ಪೆಡಲುಗಳೂ ಸಮನಾಗಿ ಹಿಡಿಯುತ್ತವೆಯೇ ನೋಡಿ, ರಸ್ತೆಗೆ ಇಳಿಯುವ ಮುನ್ನ ಅವೆರಡನ್ನೂ ಕೊಂಡಿಯಿಂದ ಒಂದಾಗಿ ಜೋಡಿಸಲೇಬೇಕು. ಹೊಲದಲ್ಲಿ ತಿರುಗಲು ಅವು ಬೇರೆಬೇರೆ ಇದ್ದರೆ ಅನುಕೂಲ. ರಸ್ತೆಯಲ್ಲಿ ಭಾರ ಎಳೆಯುವಾಗ ಒಂದೇ ಪೆಡಲು ತುಳಿದರೆ ಟ್ರ್ಯಾಕ್ಟರು ಅಡ್ಡ ತಿರುಗಿ ಮಗುಚುತ್ತದೆ.

ವೇಗ ಇಮ್ಮಡಿಯಾದರೆ ನಿಲ್ಲಿಸಲು ಬೇಕಾಗುವ ದೂರ ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಇಳಿಜಾರಿನಲ್ಲಿ ಡೀಸೆಲ್ಲು ಉಳಿಯುತ್ತದೆಂದು ಗೇರು ತಪ್ಪಿಸಿ ಬಿಡುವುದು ಆತ್ಮಹತ್ಯೆಗೆ ಸಮ. ಇಳಿಯುವ ಮೊದಲೇ ಕೆಳಗಿನ ಗೇರು ಹಾಕಿರಿ. ಎಂಜಿನ್ನೇ ಭಾರವನ್ನು ಹಿಡಿಯಲಿ. ಎರಡು ಗಾಲಿಯ ಟ್ರೇಲರಿನಲ್ಲಿ ಭಾರವನ್ನು ಅಚ್ಚಿನ ಹಿಂದೆ ಹೇರಿದರೆ ಮೂತಿ ಮೇಲೆದ್ದು, ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಹಿಡಿತ ತಪ್ಪುತ್ತದೆ. ಬಹಳ ಮುಂದೆ ಹೇರಿದರೆ ಟ್ರ್ಯಾಕ್ಟರಿನ ಮುಂದಿನ ಗಾಲಿ ಹಗುರಾಗಿ ತಿರುಗಣಿ ಕೇಳುವುದಿಲ್ಲ. ಎರಡು ಡಬ್ಬಿ ಜೋಡಿಸಿ ಎಳೆಯುವ ರೂಢಿ ನಮ್ಮ ಕಡೆ ಬೆಳೆದಿದೆ. ಹಾಗೆ ಎಳೆಯುವಲ್ಲಿ ತಳ್ಳುವ ಭಾರವೂ ಇಮ್ಮಡಿ, ತೂಗಾಡುವ ಬಾಲವೂ ಇಮ್ಮಡಿ ಎಂಬುದನ್ನು ನೆನಪಿಡಬೇಕು.

ಹಿಂದಿನಿಂದ ಬರುವವನ ಕಣ್ಣು

ಇಲ್ಲಿಯ ತನಕ ಹೇಳಿದ್ದು ನಮ್ಮ ಮಾಲು, ನಮ್ಮ ಜೀವಗಳ ಮಾತಾಯಿತು. ಈಗ ಹೇಳುವುದು ಇನ್ನೊಬ್ಬರ ಜೀವದ ಮಾತು. ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವುದಿದ್ದರೆ ಇದನ್ನು ಓದಿರಿ.

ಸೋಲಾಪುರದಿಂದ ವಿಜಯಪುರಕ್ಕೆ ಹೋಗುವ 52ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ ಒಂದು ಟ್ರೇಲರು ಗಂಟೆಗೆ 20 ಕಿಲೋಮೀಟರಿನಂತೆ ಹೊರಟಿದೆ ಎನ್ನೋಣ. ಹಿಂದಿನಿಂದ ಒಂದು ಮೋಟಾರು 80 ಕಿಲೋಮೀಟರು ವೇಗದಲ್ಲಿ ಬರುತ್ತಿದೆ. ಎರಡರ ನಡುವಿನ ಅಂತರ ಒಂದೊಂದು ಸೆಕೆಂಡಿಗೆ ಸುಮಾರು 17 ಮೀಟರು ಕಡಿಮೆಯಾಗುತ್ತದೆ. ಟ್ರೇಲರಿನ ಹಿಂದೆ ದೀಪವಿಲ್ಲ. ಕಬ್ಬಿನ ಕರಿಗೆಂಪು ಬಣ್ಣ ಕತ್ತಲೆಯಲ್ಲಿ ಬೆರೆತಿದೆ. ಎದುರಿನ ವಾಹನದ ಬೆಳಕು ಕಣ್ಣಿಗೆ ಹೊಡೆಯುತ್ತಿರುವುದರಿಂದ ಮೋಟಾರಿನವನಿಗೆ ಟ್ರೇಲರು ಕಾಣುವುದು 50 ಮೀಟರು ಹತ್ತಿರ ಬಂದ ಮೇಲೆ. ಅವನಿಗೆ ಉಳಿದದ್ದು ಮೂರೇ ಸೆಕೆಂಡು. ಅದರಲ್ಲಿ ಒಂದು ಒಂದೂವರೆ ಸೆಕೆಂಡು, ಕಂಡದ್ದೇನೆಂದು ತಿಳಿದು ಕಾಲು ಬ್ರೇಕಿಗೆ ಹೋಗುವುದರಲ್ಲಿಯೇ ಕಳೆಯುತ್ತದೆ. ಅದೇ ಟ್ರೇಲರು 150 ಮೀಟರಿನಿಂದಲೇ ಕೆಂಪಗೆ ಹೊಳೆದರೆ ಅವನಿಗೆ ಒಂಬತ್ತು ಸೆಕೆಂಡು ಸಿಗುತ್ತದೆ. ಮೂರು ಸೆಕೆಂಡಿಗೂ ಒಂಬತ್ತು ಸೆಕೆಂಡಿಗೂ ಇರುವ ವ್ಯತ್ಯಾಸ ಒಂದು ಸಂಸಾರದ ಬದುಕು. ಮೋಟಾರಿನ ಬದಲು ಅಲ್ಲಿ ಬರುವುದು ಪಕ್ಕದ ಊರಿಂದ ಮದುವೆ ಮುಗಿಸಿ ಬರುವ ಮೋಟಾರ್ ಸೈಕಲ್ಲು ಆಗಿರಬಹುದು. ಅದರ ಮೇಲೆ ಇರುವವರು ನಮ್ಮವರೇ ಆಗಿರಬಹುದು.

ಆದುದರಿಂದ ಮೊದಲು ದೀಪಗಳನ್ನು ನೋಡಿರಿ. ಟ್ರ್ಯಾಕ್ಟರಿನಿಂದ ಬರುವ ಪ್ಲಗ್ಗಿನ ಹಲ್ಲುಗಳ ಹಸಿರು ತುಕ್ಕನ್ನು ಕೆರೆದು ತೆಗೆಯಿರಿ. ತಂತಿಯನ್ನು ತುದಿಯಿಂದ ತುದಿಗೆ ಕೈಯಾಡಿಸಿ, ಇಲಿ ಕಡಿದ ಕಡೆ ಹೊಸದು ಜೋಡಿಸಿ ಪಟ್ಟಿ ಸುತ್ತಿರಿ. ಬಲ್ಬು ಸರಿಯಿದ್ದೂ ಹತ್ತದಿದ್ದರೆ, ಚಾಸಿಗೆ ಬಿಗಿದ ಅರ್ಥ್ ತಂತಿಯ ಬುಡ ತುಕ್ಕು ಹಿಡಿದಿರುತ್ತದೆ. ಅದನ್ನು ತಿಕ್ಕಿ ಬಿಗಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಎರಡು ಡಬ್ಬಿ ಇದ್ದರೆ ಕಟ್ಟಕಡೆಯ ಡಬ್ಬಿಯ ತನಕ ತಂತಿ ಹೋಗಬೇಕು.

ಪರೀಕ್ಷೆಗೆ ಇಬ್ಬರು ಬೇಕು. ಒಬ್ಬರು ಮೇಲೆ ಕುಳಿತು ಒಂದೊಂದೇ ಗುಂಡಿ ಒತ್ತಲಿ, ಬ್ರೇಕು ತುಳಿಯಲಿ. ಮನೆಯ ಹುಡುಗನೊಬ್ಬ ಹಿಂದೆ ದೂರ ನಿಂತು ಕೂಗಿ ಹೇಳಲಿ. “ಯಪ್ಪಾ, ಬಲಗಡಿದು ಹತ್ತವಲ್ದು!” ಎಂದು ಅವನು ಅಂಗಳದಲ್ಲಿ ಹೇಳಿದರೆ ಒಳ್ಳೆಯದು. ರಸ್ತೆಯಲ್ಲಿ ಅದನ್ನು ಹೇಳುವವರು ಯಾರೂ ಇರುವುದಿಲ್ಲ.

ದೀಪ ಕೈಕೊಡಬಹುದು, ಆದ್ದರಿಂದ ಅದರ ಜೊತೆಗೆ ಹೊಳೆಯುವ ಪಟ್ಟಿ ಬೇಕೇ ಬೇಕು. ಜನ ಇದನ್ನು ರೇಡಿಯಂ ಎನ್ನುತ್ತಾರೆ. ಇದರಲ್ಲಿ ರೇಡಿಯಮ್ಮೂ ಇಲ್ಲ, ತನ್ನ ಬೆಳಕೂ ಇಲ್ಲ. ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಾರಿಯಲ್ಲಿಯೇ ಮರಳಿ ಕಳಿಸುವುದು ಇದರ ಗುಣ. ಹಿಂದೆ ಕೆಂಪು, ಮುಂದೆ ಬಿಳಿ, ಬದಿಗಳಲ್ಲಿ ಹಳದಿ ಪಟ್ಟಿಯನ್ನು ಹಚ್ಚಿರಿ. ಹಿಂದಿನ ಪಟ್ಟಿ ಟ್ರೇಲರಿನ ಪೂರ್ತಿ ಅಗಲಕ್ಕೆ ಇದ್ದರೆ, ಬರುವವನಿಗೆ ಗಾಡಿ ಎಷ್ಟು ಅಗಲವಿದೆಯೆಂಬುದೂ ತಿಳಿಯುತ್ತದೆ. ಕಳೆದ ವರ್ಷದ ಪಟ್ಟಿ ಸಾಕೆನ್ನುವವರು ರಾತ್ರಿ ಐವತ್ತು ಹೆಜ್ಜೆ ದೂರ ನಿಂತು, ಬ್ಯಾಟರಿಯನ್ನು ಕಣ್ಣಿನ ಪಕ್ಕ ಹಿಡಿದು ಬೆಳಕು ಬಿಟ್ಟು ನೋಡಲಿ. ಮಂಕಾಗಿದ್ದರೆ ಬದಲಿಸಲಿ.

ಇಷ್ಟು ಮಾಡಿಯೂ ಎರಡು ತಪ್ಪುಗಳಿಂದ ಎಲ್ಲ ವ್ಯರ್ಥವಾಗುತ್ತದೆ. ಒಂದು, ಹಿಂದೆ ಜೋತ ಕಬ್ಬಿನ ತುದಿ ಮತ್ತು ರವದಿ ದೀಪವನ್ನೂ ಪಟ್ಟಿಯನ್ನೂ ಮುಚ್ಚುವುದು. ಹೇರಿ ಮುಗಿದ ಮೇಲೆ ಹಿಂದೆ ನಿಂತು ನೋಡಿ, ಜೋತದ್ದನ್ನು ಕುಡುಗೋಲಿನಿಂದ ಸವರಬೇಕು. ಅಗತ್ಯವಿದ್ದರೆ ಹೊಳೆಯುವ ಪಟ್ಟಿ ಹಚ್ಚಿದ ಬಟ್ಟೆಯನ್ನು ಕಬ್ಬಿನ ಮೇಲೆಯೇ ಕಟ್ಟಬಹುದು. ಎರಡು, ಕೆಸರು. ಹೊಲದಿಂದ ಹೊರಬಿದ್ದ ಕೂಡಲೆ ಒಂದು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಆದರೆ ಪ್ರತಿ ಸಲವೂ ಒರೆಸಬೇಕು.

ದಾರಿಯಲ್ಲಿ ಪಂಕ್ಚರಾದರೆ ಗಾಲಿಯ ಹಿಂದೆ ಕಲ್ಲು ಇಡುತ್ತೇವೆ, ಹಿಂದೆ ದೂರದಲ್ಲಿಯೂ ಕಲ್ಲಿನ ಸಾಲು ಹಚ್ಚುತ್ತೇವೆ. ಕೆಲಸ ಮುಗಿದ ಮೇಲೆ ಆ ಕಲ್ಲುಗಳನ್ನು ಅಲ್ಲಿಯೇ ಬಿಟ್ಟು ಹೋಗುವುದು ಘೋರ ತಪ್ಪು. ನಾವು ಮನೆ ಸೇರಿ ಮಲಗಿದ ಬಳಿಕ ಆ ಕಲ್ಲಿಗೆ ಯಾರದೋ ಮೋಟಾರ್ ಸೈಕಲ್ಲು ಬಡಿಯುತ್ತದೆ. ಕಲ್ಲಿನ ಬದಲು ಎರಡು ಕಟ್ಟಿಗೆಯ ಅಡೆಗಳನ್ನು ಮಾಡಿಸಿ, ಹಗ್ಗದಿಂದ ಟ್ರೇಲರಿಗೇ ಕಟ್ಟಿಡಿರಿ. ಮರೆತು ಬಿಡುವ ಮಾತೇ ಇರುವುದಿಲ್ಲ. ಹೊಳೆಯುವ ತ್ರಿಕೋನ ಫಲಕವೊಂದು ಪೆಟ್ಟಿಗೆಯಲ್ಲಿರಲಿ.

ಕಾಗದಪತ್ರ

1988ರ ಮೋಟಾರು ವಾಹನ ಕಾಯಿದೆಯಲ್ಲಿ ಟ್ರ್ಯಾಕ್ಟರಿಗೂ ಟ್ರೇಲರಿಗೂ ಬೇರೆಬೇರೆ ವ್ಯಾಖ್ಯೆಗಳಿವೆ. ಟ್ರ್ಯಾಕ್ಟರಿನ ವಿಮೆ ಇದ್ದ ಮಾತ್ರಕ್ಕೆ ಟ್ರೇಲರಿನದೂ ಇದೆಯೆಂದು ತಿಳಿಯದೆ, ಪಾಲಿಸಿಯಲ್ಲಿ ಟ್ರೇಲರಿನ ಉಲ್ಲೇಖವಿದೆಯೇ, ಅವಧಿ ಮುಗಿದಿಲ್ಲವೇ ಎಂದು ಓದಿಸಿಕೊಳ್ಳಿರಿ. ಗಡಿ ದಾಟಿ ಕರ್ನಾಟಕದ ಕಾರ್ಖಾನೆಗೆ ಕಬ್ಬು ಒಯ್ಯುವವರು ಕಾಗದಗಳನ್ನು ಜೊತೆಯಲ್ಲಿಯೇ ಇಟ್ಟುಕೊಂಡಿರಬೇಕು. ಟ್ರೇಲರು ಮಾಲಿಗಾಗಿ ಇರುವುದು, ಜನರಿಗಾಗಿ ಅಲ್ಲ. ಕಬ್ಬಿನ ಮೇಲೆ ಟೋಳಿಯ ಜನ, ಹೆಣ್ಣುಮಕ್ಕಳು, ಕೂಸುಗಳು ಕುಳಿತು ಹೋಗುವುದನ್ನು ಮಾಲಕರಾದವರು ತಡೆಯಬೇಕು. ಅನಾಹುತವಾದ ಮೇಲೆ ಅವರ ಮನೆಯವರಿಗೆ ವಿಮೆಯ ಹಣವೂ ಸಿಗದೆ ಹೋಗಬಹುದು.

ಮೊದಲ ಸುತ್ತು ಮತ್ತು ಕೊನೆಯ ಸುತ್ತು

ಎಲ್ಲ ಮುಗಿದ ಮೇಲೆ ಟ್ರೇಲರನ್ನು ಖಾಲಿಯಾಗಿಯೇ ಐದಾರು ಕಿಲೋಮೀಟರು ಎಳೆದು, ನಿಲ್ಲಿಸಿ, ಪ್ರತಿ ಹಬ್ಬಿನ ಹತ್ತಿರ ಕೈ ಒಯ್ದು ನಿಧಾನವಾಗಿ ಮುಟ್ಟಿ ನೋಡಿರಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ನಟ್ಟು ಬಹಳ ಬಿಗಿಯಾಗಿದೆ ಅಥವಾ ಬೇರಿಂಗು ಕೆಟ್ಟಿದೆ. ಭಾರ ಹೇರುವ ಮೊದಲೇ ಅದನ್ನು ಸರಿಪಡಿಸಿರಿ. ಹಂಗಾಮಿನಲ್ಲಿ ದಿನವೂ ಕಾರ್ಖಾನೆಯ ಸಾಲಿನಲ್ಲಿ ಕಾಯುವಾಗ ಹೀಗೆಯೇ ಹಬ್ಬು ಮುಟ್ಟಿ, ನಟ್ಟು ನೋಡಿ, ಕೊಂಡಿಯ ಪಿನ್ನು ನೋಡುವ ರೂಢಿ ಇಟ್ಟುಕೊಳ್ಳಿರಿ.

ಮುಂದಿನ ವರ್ಷದ ಕೆಲಸ ಹಗುರಾಗಬೇಕಾದರೆ ಈ ವರ್ಷ ನಿಲ್ಲಿಸುವ ಬಗೆಯನ್ನು ಸುಧಾರಿಸಬೇಕು. ಬೇಸಿಗೆಯಲ್ಲಿ ಗೊಬ್ಬರ ಹೊಡೆದು ಮುಗಿದ ಮೇಲೆ ಟ್ರೇಲರನ್ನು ತೊಳೆದು ಒಣಗಿಸಿರಿ, ಏಕೆಂದರೆ ಗೊಬ್ಬರದ ಹಸಿ ತಗಡನ್ನು ಬಹಳ ಬೇಗ ತಿನ್ನುತ್ತದೆ. ತುಕ್ಕು ಕೆರೆದು ಬಣ್ಣ ಹಚ್ಚಿರಿ. ಅಚ್ಚಿನ ಕೆಳಗೆ ದಿಮ್ಮಿ ಕೊಟ್ಟು ಗಾಲಿಗಳನ್ನು ನೆಲದಿಂದ ಎತ್ತಿಡಿರಿ. ಮೂತಿಯನ್ನು ಸ್ವಲ್ಪ ಮೇಲೆತ್ತಿ ನಿಲ್ಲಿಸಿದರೆ ಮಳೆಯ ನೀರು ತಳದಲ್ಲಿ ನಿಲ್ಲದೆ ಹರಿದುಹೋಗುತ್ತದೆ. ಟೈರುಗಳಿಗೆ ಗೋಣಿತಾಟು ಹೊದಿಸಿರಿ. ತಿಂಗಳಿಗೊಮ್ಮೆ ಗಾಲಿಗಳನ್ನು ಕೈಯಿಂದ ತಿರುಗಿಸಿದರೆ ಬೇರಿಂಗಿನ ಒಂದೇ ಕಡೆ ತುಕ್ಕು ಕೂಡುವುದಿಲ್ಲ.

ಮರೆಯದಂತೆ ಗೋಡೆಗೆ ಹಚ್ಚಿಡಲು

1. ಎಲ್ಲ ಹಬ್ಬು ಬಿಚ್ಚಿ, ತೊಳೆದು, ಹೊಸ ಗ್ರೀಸು. ಹೊಸ ಸ್ಪ್ಲಿಟ್ ಪಿನ್ನು.
2. ಟೈರಿನ ಸೀಳು, ಉಬ್ಬು, ವಯಸ್ಸು. ಅಳೆದು ಹಾಕಿದ ಗಾಳಿ.
3. ಗಾಲಿಯ ನಟ್ಟು: ಎದುರುಬದುರು ಬಿಗಿತ, ಮೊದಲ ಭಾರದ ಬಳಿಕ ಮತ್ತೊಮ್ಮೆ.
4. ಕೊಂಡಿಯ ಪಿನ್ನು, ಬಳೆ, ಕ್ಲಿಪ್ಪು, ಸರಪಳಿ.
5. ಪಾಟಾ, ಯು-ಬೋಲ್ಟು, ತಳ, ಬಾಗಿಲ ಕೊಕ್ಕೆ.
6. ಟ್ರ್ಯಾಕ್ಟರಿನ ಎರಡು ಬ್ರೇಕು ಪೆಡಲು ಒಂದಾಗಿ ಜೋಡಣೆ.
7. ಹಿಂದಿನ ದೀಪ, ಬ್ರೇಕು ದೀಪ, ಹೊಳೆಯುವ ಪಟ್ಟಿ. ಹೇರಿದ ಮೇಲೆ ಮತ್ತೊಮ್ಮೆ ನೋಡುವುದು.
8. ಕಟ್ಟಿಗೆಯ ಅಡೆ, ತ್ರಿಕೋನ ಫಲಕ, ಕಾಗದಪತ್ರ.

ಇವೆಲ್ಲಕ್ಕೂ ಬೇಕಾಗುವುದು ಇಬ್ಬರ ಒಂದು ದಿನದ ದುಡಿಮೆ ಮತ್ತು ಸ್ವಲ್ಪ ಖರ್ಚು. ಮುಂದಿನ ಖಂಡೆ ಪೂಜೆಗೆ ಮೊದಲೇ ಈ ಕೆಲಸ ಮುಗಿಸಿ, ಬಳಿಕ ಟ್ರೇಲರಿಗೆ ಹೂವು ಏರಿಸಿದರೆ ಆ ಪೂಜೆಗೆ ಅರ್ಥ ಬರುತ್ತದೆ. ಹೂವಿನ ಸರದ ಜೊತೆಗೆ ಹಿಂದೆ ಒಂದು ಕೆಂಪು ಪಟ್ಟಿಯೂ ಇರಲಿ.